ಸೈನ್ಯ ಹೋಯಿತು, ಸೂರು ಉಳಿಯಿತು

ಮಾಸಾಬ್ ಟ್ಯಾಂಕಿನಿಂದ ಲಕಡೀಕಾಪೂಲಿನ ಕಡೆಗೆ ಹೋಗುವಾಗ ನಾವೆಲ್ಲ ಎ. ಸಿ. ಗಾರ್ಡ್ಸ್ ಬಡಾವಣೆಯನ್ನು ದಾಟಿದ್ದೇವೆ. ಅದರ ಅರ್ಥವನ್ನು ವಿಚಾರಿಸಿದವರು ನಮ್ಮಲ್ಲಿ ವಿರಳ. ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಎಂಬುದೇ ಅದು. ನಿಜಾಮರ ಸೇವೆಯಲ್ಲಿದ್ದ ಸಿದ್ದಿ ರಾವುತರ ಪಡೆ.

ಕಾಳಗದಲ್ಲಿ ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ಹಿಂದೆ ಕನ್ನಡನಾಡಿನಲ್ಲಿತ್ತು. ಶಾಸನಗಳು ಅದನ್ನು ನೆತ್ತರುಗೊಡಗೆ ಎನ್ನುತ್ತವೆ. ಆದರೆ ಮಡಿಯದೆ ಮುಪ್ಪಾದ ಸಿಪಾಯಿಯ ಗತಿಯೇನು? ಇಂಗ್ಲೆಂಡಿನ ವಾರಿಕ್ ಪಟ್ಟಣದಲ್ಲಿ 1571ರಲ್ಲಿ ಅಂಥವರಿಗಾಗಿ, ಹಳೆಯ ಕಟ್ಟಡಗಳಲ್ಲಿ, ಧರ್ಮಶಾಲೆಯೊಂದು ಏರ್ಪಟ್ಟಿತು.

ಇಲ್ಲಿಯ ಕಥೆ ಬೇರೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಬಳಿಕ ಆ ಪಡೆಯೂ ವಿಸರ್ಜನೆಗೊಂಡಿತು. ಕುದುರೆ ಹೋಯಿತು, ಚಾಕರಿ ಹೋಯಿತು. ಆದರೂ ಅನೇಕ ಕುಟುಂಬಗಳು ಅಲ್ಲೇ ನೆಲೆನಿಂತುವು. ದಂಡಿನ ಬಿಡಾರವೇ ಅವರ ಊರಾಯಿತು. ಅವರ ಮರ್ಫಾ ವಾದ್ಯ ನಗರದ ಮದುವೆಗಳಲ್ಲಿ ಇಂದಿಗೂ ಮೊಳಗುತ್ತದೆ. ಅರಬ್ಬೀ ಸಿಪಾಯಿಗಳ ಬ್ಯಾರಕ್ಸು ಕೂಡ ಹೀಗೆಯೇ ಬಾರ್ಕಸ್ ಎಂಬ ಊರಾಗಿ ಉಳಿದಿದೆ.

ಹೊಟ್ಟೆಪಾಡಿಗೆಂದು ಬಂದ ಊರು, ಚಾಕರಿ ಮುಗಿದ ಮೇಲೂ ನಮ್ಮದೇ? ನಿವೃತ್ತಿಯ ದಿನ ನಮ್ಮ ಹಿರಿಯರನ್ನೂ ಕಾಡಿದ ಪ್ರಶ್ನೆಯಿದು. ಮುಂದಿನ ಸಲ ಮಕ್ಕಳೊಡನೆ ಆ ದಾರಿಯಲ್ಲಿ ಹೋಗುವಾಗ, ಆ ಎರಡಕ್ಷರಗಳ ಅರ್ಥವನ್ನು ಅವರಿಗೆ ತಿಳಿಸೋಣ. ಉತ್ತರ ಅಲ್ಲಿಯೇ ಇದೆ.