ಕೊಯ್ದ ಮೇಲೂ ಉಸಿರಾಡುವ ಹೂ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಬೆಳಗಿನ ಜಾವದ ಹೂವಿನ ವ್ಯಾಪಾರ ಎರಡು ಬಗೆಯದು. ಒಂದು ಕಡೆ ಚೆಂಡುಹೂ, ಸೇವಂತಿಗೆ, ಕನಕಾಂಬರ, ಮಲ್ಲಿಗೆಗಳ ರಾಶಿ. ಅದು ತೂಕದ ಲೆಕ್ಕ, ಮಾರಿನ ಲೆಕ್ಕ, ಮೊಳದ ಲೆಕ್ಕ. ಇನ್ನೊಂದು ಕಡೆ ಕಾಗದ ಸುತ್ತಿದ ಉದ್ದ ದಂಟಿನ ಕಂತೆಗಳು. ಇಪ್ಪತ್ತು ಗುಲಾಬಿಗೆ ಒಂದು ಬಂಚ್, ಹತ್ತು ಜರ್ಬೆರಾಕ್ಕೆ ಒಂದು ಬಂಚ್. ಮೊದಲನೆಯದರಲ್ಲಿ ನಾವು ತಲೆತಲಾಂತರದಿಂದ ಪಳಗಿದವರು. ಮಲ್ಲಿಗೆ ಮೊಗ್ಗು ಸಂಜೆಗೆ ಬಿರಿಯುತ್ತದೋ ಇಲ್ಲವೋ ಎಂದು ಮುಟ್ಟಿಯೇ ಹೇಳುವವರು, ಮಿಕ್ಕಿದ್ದನ್ನು ಬಾಳೆಲೆಯಲ್ಲಿ ಸುತ್ತಿ ತಣ್ಣಗೆ ಇಡುವವರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ದಂಟಿನ ಹೂವಿನ ವಿಷಯದಲ್ಲಿ ಆ ಕೈಗುಣ ನಮಗೆ ಇನ್ನೂ ಬಂದಿಲ್ಲ. ಹುಟ್ಟುಹಬ್ಬಕ್ಕೆ ಬಂದ ಗುಲಾಬಿ ಎರಡೇ ದಿನಕ್ಕೆ ಕತ್ತು ಬಾಗಿಸಿದರೆ ಅದರ ಆಯುಸ್ಸೇ ಅಷ್ಟು ಎಂದುಕೊಂಡು ಎಸೆದುಬಿಡುತ್ತೇವೆ. ಹೆಚ್ಚಿನ ಸಲ ಅದು ಆಯುಸ್ಸು ಮುಗಿದು ಬಾಗಿದ್ದಲ್ಲ, ಬಾಯಾರಿ ಬಾಗಿದ್ದು.

ಗಿಡದಿಂದ ಬೇರೆಯಾದ ಹೂವಿನಲ್ಲಿ ಜೀವ ಇದ್ದೇ ಇರುತ್ತದೆ. ಅದು ಉಸಿರಾಡುತ್ತದೆ, ನೀರು ಕುಡಿಯುತ್ತದೆ, ಮೊಗ್ಗಾಗಿದ್ದರೆ ಅರಳುತ್ತದೆ. ಕಳೆದುಕೊಂಡಿದ್ದು ಬೇರು ಕೊಡುತ್ತಿದ್ದ ನೀರನ್ನು ಮತ್ತು ಎಲೆಗಳು ಕೊಡುತ್ತಿದ್ದ ಸಕ್ಕರೆಯ ಬಹುಪಾಲನ್ನು. ಹೂ ಆರಿಸುವುದು, ಉಳಿಸಿಕೊಳ್ಳುವುದು, ಜೋಡಿಸುವುದು ಈ ಮೂರೂ ಇಷ್ಟನ್ನು ಅರಿತರೆ ತಾನಾಗಿ ಬರುತ್ತವೆ.

ಈ ಕಂತೆಗಳು ಬರುವುದು ಹೆಚ್ಚಾಗಿ ಬೆಂಗಳೂರಿನ ಸುತ್ತಲಿನ ಪಾಲಿಹೌಸುಗಳಿಂದ. ದೇವನಹಳ್ಳಿ, ದೊಡ್ಡಬಳ್ಳಾಪುರ, ಆನೇಕಲ್ಲು, ಗಡಿ ದಾಟಿದರೆ ತಮಿಳುನಾಡಿನ ಹೊಸೂರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಹಗಲು ಬೆಚ್ಚಗೆ, ರಾತ್ರಿ ತಂಪು. ಗುಲಾಬಿಗೆ ಬೇಕಾದದ್ದೂ ಅದೇ. ಅಂಗಡಿಯಲ್ಲಿ ಕಾಣುವ ಕೆಂಪು ಗುಲಾಬಿ ಬಹುಮಟ್ಟಿಗೆ ‘ತಾಜ್ ಮಹಲ್’ ಎಂಬ ತಳಿ. ಬೆಳೆಗಾರರು ತಮ್ಮ ಹೂವನ್ನು ಮಾರುವ ಒಂದು ದೊಡ್ಡ ಜಾಗ ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರ. ಇಲ್ಲಿನ ಹರಾಜು ಹಾಲೆಂಡಿನ ಪದ್ಧತಿಯದು. ನಮ್ಮ ಊರುಗಳ ಹರಾಜಿನಲ್ಲಿ ಕೂಗು ಏರುತ್ತಾ ಹೋಗುತ್ತದೆ. ಇಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಮಾಲು. ಒಂದು ಲಾಟಿಗೆ ಕೆಲವೇ ಕ್ಷಣ ಸಾಕು. ಗಂಟೆಗಟ್ಟಲೆ ಚೌಕಾಸಿ ಮಾಡಿದರೆ ಹೂವೇ ಸೊರಗುತ್ತದೆ. ಹಾಗಾಗಿ ಬಾಡುವ ಸರಕಿಗೆ ಇದಕ್ಕಿಂತ ಒಪ್ಪುವ ವ್ಯಾಪಾರ ಸಿಗುವುದು ಕಷ್ಟ.

ಗುಲಾಬಿಯ ದರ್ಜೆ ನಿಂತಿರುವುದು ದಂಟಿನ ಉದ್ದದ ಮೇಲೆ: ನಲವತ್ತು, ಐವತ್ತು, ಅರವತ್ತು ಸೆಂಟಿಮೀಟರು, ಹೀಗೆ. ಉದ್ದ ಹೆಚ್ಚಿದಂತೆ ಬೆಲೆಯೂ ಹೆಚ್ಚು. ಮನೆಯ ಹೂದಾನಿಗೆ ನಲವತ್ತರದ್ದೇ ಧಾರಾಳ ಸಾಕು. ಉಳಿದ ದುಡ್ಡನ್ನು ಹೂವಿನ ತಾಜಾತನಕ್ಕೆ ಹಾಕುವುದು ಜಾಣತನ. ತಾಜಾ ಹೌದೋ ಅಲ್ಲವೋ ಎಂದು ತಿಳಿಯಲು ಹೂವನ್ನು ಮೇಲಿನಿಂದ ನೋಡಿದರೆ ಸಾಲದು. ಮೊಗ್ಗಿನ ಬುಡವನ್ನು, ಹಸಿರು ಪುಷ್ಪಪತ್ರಗಳ ಸ್ವಲ್ಪ ಮೇಲೆ, ಎರಡು ಬೆರಳಲ್ಲಿ ಮೆಲ್ಲಗೆ ಅದುಮಿ ನೋಡಬೇಕು. ಗಟ್ಟಿಯಾಗಿದ್ದರೆ ಹೊಸದು, ಮೆತ್ತಗಿದ್ದರೆ ಹಳತು. ಆ ಹಸಿರು ಪತ್ರಗಳು ಕೆಳಕ್ಕೆ ಬಾಗಿ ಬಿಚ್ಚಿಕೊಂಡಿರಬೇಕು. ಮೊಗ್ಗಿಗೆ ಅಂಟಿಕೊಂಡೇ ಇದ್ದರೆ ಅದನ್ನು ತೀರ ಎಳಸಿನಲ್ಲೇ ಕೊಯ್ದಿದ್ದಾರೆ, ಅರಳುವುದು ಅನುಮಾನ. ಹೊರಸುತ್ತಿನ ಒಂದೆರಡು ಎಸಳು ಕಂದಿದ್ದರೆ, ಹಸಿರು ಗೆರೆ ಇದ್ದರೆ ಚಿಂತೆ ಬೇಡ. ಒಳಗಿನದನ್ನು ಕಾಯುವ ಎಸಳುಗಳು ಅವು, ಮನೆಗೆ ತಂದ ಮೇಲೆ ಕಿತ್ತುಹಾಕಿದರಾಯಿತು. ದಂಟಿನ ತುದಿ ಕಪ್ಪಾಗಿ ಲೋಳೆಯಾಗಿದ್ದರೆ ಮಾತ್ರ ಆ ಬಂಚನ್ನು ಬಿಟ್ಟುಬಿಡಿ.

ಜರ್ಬೆರಾದ ಗುಟ್ಟು ಅದರ ನಡುವಿನ ತಟ್ಟೆಯಲ್ಲಿದೆ. ಆ ತಟ್ಟೆಯೂ ನೂರಾರು ಪುಟ್ಟ ಹೂಗಳದ್ದೇ. ಹೊರಗಿನ ಒಂದೆರಡು ಸುತ್ತು ಮಾತ್ರ ಬಿಚ್ಚಿಕೊಂಡಿದ್ದರೆ ಹದ. ನಡುವೆಲ್ಲ ಪರಾಗ ತುಂಬಿದ್ದರೆ ಹಳೆಯದು, ಒಂದು ಸುತ್ತೂ ಬಿಚ್ಚಿರದಿದ್ದರೆ ದಂಟು ಬಲಿತಿಲ್ಲ, ಬೇಗ ಬಾಗುತ್ತದೆ. ಕೊಡಗು, ಮಲೆನಾಡಿನ ತೋಟಗಳಲ್ಲಿ ಬೆಳೆಯುವ ಆಂಥೂರಿಯಂನ ಹೊಳೆಯುವ ಕೆಂಪು ಭಾಗ ಹೂವಲ್ಲ, ಬಣ್ಣದ ಎಲೆ. ಹೂಗಳಿರುವುದು ನಡುವಿನ ಕಡ್ಡಿಯ ಮೇಲೆ. ಆ ಕಡ್ಡಿ ಬುಡದಿಂದ ಅರ್ಧಕ್ಕೂ ಹೆಚ್ಚು ಒರಟಾಗಿದ್ದರೆ ಹೂ ಬಲಿತಿದೆ ಎಂದರ್ಥ. ಅಂಥದ್ದು ಎರಡು ವಾರಕ್ಕೆ ಮೋಸವಿಲ್ಲದೆ ಬರುತ್ತದೆ. ಆದರೆ ಇದನ್ನಾಗಲಿ, ಆರ್ಕಿಡ್, ಹೆಲಿಕೋನಿಯಾಗಳನ್ನಾಗಲಿ ಫ್ರಿಜ್ಜಿನಲ್ಲಿ ಇಡಬಾರದು. ಬಿಸಿನಾಡಿನ ಈ ಹೂಗಳು ಚಳಿಗೆ ಕಪ್ಪಾಗುತ್ತವೆ. ಗುಲಾಬಿ, ಕಾರ್ನೇಷನ್‌ಗಳಿಗೆ ತಂಪು ಹಿತ.

ಇನ್ನು ನೀರು. ದಂಟಿನೊಳಗೆ ಕೂದಲಿಗಿಂತ ಸಣ್ಣ ನಾಳಗಳಿವೆ. ಎಲೆ, ಎಸಳುಗಳಿಂದ ನೀರು ಆವಿಯಾದಂತೆ ಕೆಳಗಿನ ನೀರನ್ನು ಅವು ಮೇಲಕ್ಕೆ ಸೆಳೆಯುತ್ತವೆ. ಕೊಯ್ದ ಗಳಿಗೆಯಲ್ಲಿ ನೀರಿನ ಬದಲು ಗಾಳಿ ಒಳಗೆ ಹೋಗುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಮೇಲೇರದ ಹಾಗೆ, ಗಾಳಿಗುಳ್ಳೆ ಕೂತ ನಾಳದಲ್ಲಿ ನೀರು ಏರುವುದಿಲ್ಲ. ಅದಕ್ಕೇ ಮನೆಗೆ ತಂದ ಕೂಡಲೇ ತುದಿಯನ್ನು ಎರಡು ಮೂರು ಸೆಂಟಿಮೀಟರಷ್ಟು ಮತ್ತೆ ಕತ್ತರಿಸಬೇಕು. ಬಕೆಟ್ಟಿನ ನೀರಿನೊಳಗೆ ಅದ್ದಿಕೊಂಡೇ, ಹರಿತವಾದ ಚಾಕುವಿನಲ್ಲಿ, ಓರೆಯಾಗಿ. ಮೊಂಡು ಕತ್ತರಿ ನಾಳಗಳನ್ನು ಜಜ್ಜುತ್ತದೆ. ಓರೆ ಏಕೆಂದರೆ, ಸಮನಾಗಿ ಕತ್ತರಿಸಿದ ತುದಿ ಹೂದಾನಿಯ ತಳಕ್ಕೆ ಒತ್ತಿ ಕೂತುಬಿಡುತ್ತದೆ. ಜರ್ಬೆರಾವನ್ನು ತೋಟದಲ್ಲಿ ಕತ್ತರಿಸುವುದಿಲ್ಲ, ಓರೆಗೆ ಎಳೆದು ಕೀಳುತ್ತಾರೆ. ಹಾಗೆ ಬಂದ ಗಟ್ಟಿ ಬುಡ ನೀರು ಎಳೆಯಲಾರದು, ಅದನ್ನು ತೆಗೆಯಲೇಬೇಕು.

ಎರಡನೆಯ ಶತ್ರು ಬ್ಯಾಕ್ಟೀರಿಯಾ. ನೀರಿನಲ್ಲಿ ಮುಳುಗಿದ ಎಲೆ ಕೊಳೆಯುತ್ತದೆ, ಕೊಳೆತಲ್ಲಿ ಅವು ಬೆಳೆಯುತ್ತವೆ, ಬೆಳೆದವು ನಾಳದ ಬಾಯಿಗೆ ಅಡರುತ್ತವೆ. ನೀರಿನ ಮಟ್ಟಕ್ಕಿಂತ ಕೆಳಗಿನ ಎಲೆಗಳನ್ನು ತೆಗೆಯಬೇಕು. ಹಾಗೆಂದು ಗುಲಾಬಿಯ ಮುಳ್ಳನ್ನು ಸಿಪ್ಪೆ ಸುಲಿಯುವಂತೆ ಕೆರೆಯಬಾರದು, ಗಾಯವಾದಲ್ಲಿ ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ. ಹೂದಾನಿಯನ್ನು ಊಟದ ಪಾತ್ರೆಯಷ್ಟೇ ಚೊಕ್ಕವಾಗಿ ತೊಳೆದಿರಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬದಲಿಸುವಾಗಲೆಲ್ಲ ತುದಿಯನ್ನು ಚೂರು ಕತ್ತರಿಸಿ. ಗುಲಾಬಿಗೆ ನೀರು ಆಳವಾಗಿರಲಿ. ಜರ್ಬೆರಾದ ರೋಮದ ದಂಟು ಬೇಗ ಕೊಳೆಯುವುದರಿಂದ ಅದಕ್ಕೆ ನಾಲ್ಕು ಬೆರಳು ನೀರು ಸಾಕು.

ಅಂಗಡಿಯವರು ಕೊಡುವ ಪುಟ್ಟ ಪೊಟ್ಟಣದಲ್ಲಿ ಮೂರು ವಸ್ತುಗಳಿರುತ್ತವೆ: ಹೂವಿನ ಆಹಾರಕ್ಕೆ ಸಕ್ಕರೆ, ನೀರು ಸುಲಭವಾಗಿ ಏರಲು ಹುಳಿ, ಬ್ಯಾಕ್ಟೀರಿಯಾ ತಡೆಯಲು ಒಂದು ಔಷಧ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಕೆಲವೇ ತೊಟ್ಟು ಬ್ಲೀಚ್. ಬ್ಲೀಚನ್ನು ನೀರಿಗೇ ಹಾಕಬೇಕು. ನಿಂಬೆರಸದ ಜೊತೆ ನೇರವಾಗಿ ಬೆರೆಸಿದರೆ ವಿಷಗಾಳಿ ಏಳುತ್ತದೆ. ಬರೀ ಸಕ್ಕರೆ ಹಾಕುವುದು ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು, ಅದು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ನೀರಿಗೆ ನಾಣ್ಯ ಹಾಕುವ ರೂಢಿಯೂ ಇದೆ. ತಾಮ್ರ ಬ್ಯಾಕ್ಟೀರಿಯಾ ತಡೆಯುತ್ತದೆ ಎಂಬ ನಂಬಿಕೆ ಅದು. ನಮ್ಮ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು, ಅದರಿಂದ ಹೂವಿಗೆ ಉಪಕಾರವಿಲ್ಲ.

ಕತ್ತು ಬಾಗಿದ ಗುಲಾಬಿಯನ್ನು ಎಸೆಯುವ ಮುನ್ನ ಒಂದು ಪ್ರಯತ್ನ ಮಾಡಿ. ತುದಿ ಕತ್ತರಿಸಿ, ಇಡೀ ದಂಟನ್ನು ಹೂವಿನ ಸಮೇತ ಅಗಲವಾದ ತೊಟ್ಟಿಯ ನೀರಿನಲ್ಲಿ ಒಂದು ಗಂಟೆ ಮಲಗಿಸಿ. ಎಷ್ಟೋ ಸಲ ಅದು ತಲೆ ಎತ್ತುತ್ತದೆ. ಹೂದಾನಿಯನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ. ಮಾಗುವ ಬಾಳೆ, ಮಾವುಗಳಿಂದ ಹೊರಡುವ ಎಥಿಲೀನ್ ಅನಿಲ ಹೂವಿಗೆ ಬೇಗ ಮುಪ್ಪು ತರುತ್ತದೆ. ಕಾರ್ನೇಷನ್‌ಗಂತೂ ಇದು ತಡೆಯದು, ಎಸಳುಗಳು ಒಳಕ್ಕೆ ಮುದುಡಿಕೊಳ್ಳುತ್ತವೆ.

ದಂಟಿನ ಹೂ ಎಂದರೆ ಗುಲಾಬಿ, ಜರ್ಬೆರಾ ಎಂದಷ್ಟೇ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಹವೆಗೆ, ನಮ್ಮ ಮನೆಗಳಿಗೆ ಸುಗಂಧರಾಜನಷ್ಟು ಹೊಂದುವ ಹೂ ಇನ್ನೊಂದಿಲ್ಲ. ಮೆಕ್ಸಿಕೋ ಅದರ ತವರು, ಆದರೆ ಇಲ್ಲಿನ ಬಯಲು ಹೊಲದಲ್ಲಿ ಪಾಲಿಹೌಸಿನ ಹಂಗಿಲ್ಲದೆ ಬೆಳೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರಲ್ಲಿ ಬಹಳ ಕೆಲಸ ಮಾಡಿದೆ. ‘ಶೃಂಗಾರ್’, ‘ಸುವಾಸಿನಿ’, ‘ಪ್ರಜ್ವಲ್’, ‘ವೈಭವ್’ ಅಲ್ಲಿಂದಲೇ ಬಂದ ತಳಿಗಳು. ಒಂಟಿ ಸುತ್ತಿನ ‘ಶೃಂಗಾರ್’ ಮಾಲೆಗೆ ಒಪ್ಪುವಂಥದ್ದು, ಸುತ್ತುಸುತ್ತು ಎಸಳಿನ ‘ಸುವಾಸಿನಿ’ ಹೂದಾನಿಗೆ. ‘ಪ್ರಜ್ವಲ್’ ಒಂಟಿ ಸುತ್ತಿನದೇ, ಮೊಗ್ಗಿಗೆ ನಸುಗೆಂಪಿನ ಛಾಯೆ. ನಾವು ಇದನ್ನು ಮದುವೆಯ ಹಾರಕ್ಕೂ ಅಂತ್ಯಯಾತ್ರೆಯ ಹಾರಕ್ಕೂ ಮೀಸಲಿಟ್ಟು ನಡುಮನೆಯಿಂದ ದೂರ ಇಟ್ಟಿದ್ದೇವೆ. ಕೆಳಗಿನ ಎರಡು ಮೂರು ಹೂ ಅರಳಿ, ಮೇಲಿನದೆಲ್ಲ ಮೊಗ್ಗಾಗಿರುವ ಆರು ಕಡ್ಡಿ ತನ್ನಿ. ಬುಡದಿಂದ ತುದಿಯತ್ತ ದಿನಕ್ಕಿಷ್ಟು ಅರಳುತ್ತಾ ಹೋಗುತ್ತದೆ. ಬಾಡಿದ್ದನ್ನು ಆಗಾಗ ಚಿವುಟಿದರೆ ಮೇಲಿನ ಮೊಗ್ಗುಗಳಿಗೆ ಬಲ. ಸಕ್ಕರೆ, ನಿಂಬೆ, ಬ್ಲೀಚ್ ಬೆರೆಸಿದ ನೀರಿನ ಪ್ರಯೋಜನ ಎದ್ದು ಕಾಣುವುದೂ ಈ ಹೂವಿನಲ್ಲೇ. ಪರಿಮಳ ಏರುವುದು ಕತ್ತಲಾದ ಮೇಲೆ. ಚಿಕ್ಕ ಕೋಣೆಗೆ ಆರು ಕಡ್ಡಿ ಹೆಚ್ಚಾದೀತು, ಹಜಾರದಲ್ಲಿಡಿ.

ಜೋಡಣೆಯ ಪಾಠಕ್ಕೆ ಬೆಂಗಳೂರಿಗರು ದೂರ ಹೋಗಬೇಕಿಲ್ಲ. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಜನವರಿ ಮತ್ತು ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ ಜನ ಮುಗಿಬೀಳುವುದು ನಡುವಿನ ದೊಡ್ಡ ಪ್ರತಿಕೃತಿಗಳಿಗೆ. ಅದರ ಜೊತೆಗೇ ಮೈಸೂರು ಉದ್ಯಾನ ಕಲಾಸಂಘ ನಡೆಸುವ ಜಪಾನಿ ಶೈಲಿಯ ಇಕೆಬಾನ, ಭಾರತೀಯ ಶೈಲಿಯ ಪುಷ್ಪಭಾರತಿ ಸ್ಪರ್ಧೆಗಳ ಮೇಜುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಲಕ್ಷ ಹೂವಿನ ಗೋಪುರ ಕಣ್ಣು ತುಂಬುತ್ತದೆ, ಕಲಿಸುವುದು ಕಡಿಮೆ. ಒಂದು ಕೊಂಬೆ, ಎರಡು ಹೂ, ನಾಲ್ಕು ಎಲೆಯ ಇಕೆಬಾನದ ಮುಂದೆ ನಿಂತಾಗ ಹೂ ಗಿಡದಲ್ಲಿ ಯಾವ ಕಡೆಗೆ ಮುಖ ಮಾಡಿತ್ತು ಎಂಬುದೂ ಕಾಣುತ್ತದೆ. ಎತ್ತರದ ಕೊಂಬೆ ಹೂದಾನಿಯ ಒಂದೂವರೆ ಪಟ್ಟು ಇರಲಿ, ಹೂಗಳು ಮೂರೋ ಐದೋ ಬೆಸ ಸಂಖ್ಯೆಯಲ್ಲಿರಲಿ, ನಡುನಡುವೆ ಗಾಳಿಯಾಡುವಷ್ಟು ಜಾಗ ಇರಲಿ. ಮೊದಲಿಗೆ ಇಷ್ಟು ಸಾಕು.

ಹೂ ನಿಲ್ಲಿಸಲು ಜಪಾನಿಗರು ಬಳಸುವುದು ಕೆನ್ಜಾನ್ ಎಂಬ ಮುಳ್ಳುತಟ್ಟೆ. ಒಮ್ಮೆ ಕೊಂಡರೆ ತಲೆಮಾರು ಬಾಳುತ್ತದೆ. ನಮ್ಮ ಮಂಟಪ, ವೇದಿಕೆಗಳಲ್ಲಿ ತುಂಬಿರುವುದು ಮಾತ್ರ ಹಸಿರು ಫ್ಲೋರಲ್ ಫೋಮ್. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಫೋಮ್ ಪ್ಲಾಸ್ಟಿಕ್ಕೇ. ಮಣ್ಣಿನಲ್ಲಿ ಕರಗದೆ ಪುಡಿಪುಡಿಯಾಗಿ ನೀರು ಸೇರುತ್ತದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ನಮಗಂತೂ ಅದರ ಅಗತ್ಯವೇ ಇರಲಿಲ್ಲ. ಊದುಬತ್ತಿ ಸಿಕ್ಕಿಸಲು ಬಳಸುವ ಬಾಳೆದಿಂಡನ್ನು ಗೇಣುದ್ದ ಕತ್ತರಿಸಿ ತಟ್ಟೆಯಲ್ಲಿಟ್ಟು, ಕಡ್ಡಿಯಿಂದ ತೂತು ಮಾಡಿ ಮೋಟು ದಂಟಿನ ಸೇವಂತಿಗೆ, ಗುಲಾಬಿಗಳನ್ನು ಚುಚ್ಚಿದರೆ ಒಂದು ದಿನದ ಸಮಾರಂಭ ಸೊಗಸಾಗಿ ಕಳೆಯುತ್ತದೆ. ದಿಂಡಿನೊಳಗೆ ನೀರೇ ತುಂಬಿದೆ. ಮುಗಿದ ಮೇಲೆ ಹೂ, ದಿಂಡು ಎರಡೂ ಗೊಬ್ಬರದ ಗುಂಡಿಗೆ. ವೇದಿಕೆ ಅಲಂಕಾರದವರಿಗೆ ದಿಂಡೇ ಬಳಸಿ ಎಂದು ಮುಂಗಡ ಕೊಡುವಾಗಲೇ ಹೇಳಿ. ಕೇಳುವವರು ಹೆಚ್ಚಿದರೆ ಅವರೂ ತಂದೇ ತರುತ್ತಾರೆ.

ಹೊಸದಾಗಿ ಶುರುಮಾಡುವವರು ಮೊದಲು ಸೇವಂತಿಗೆ ಕಡ್ಡಿಯನ್ನೇ ಆರಿಸಿಕೊಳ್ಳಿ. ಎಲೆ ಹಳದಿಯಾದರೂ ಹೂ ನಿಲ್ಲುತ್ತದೆ, ಎಂಟು ಹತ್ತು ದಿನ ಆರಾಮ. ವರಮಹಾಲಕ್ಷ್ಮಿ ಹಬ್ಬದ ತಾವರೆಯನ್ನು ಮಾತ್ರ ಹೂದಾನಿಯ ಲೆಕ್ಕಕ್ಕೆ ಹಿಡಿಯಬೇಡಿ. ಕೊಯ್ದ ತಾವರೆಮೊಗ್ಗು ತಾನಾಗಿ ಅರಳುವುದು ಅಪರೂಪ, ಅದನ್ನು ಹಬ್ಬದ ಬೆಳಿಗ್ಗೆಯೇ ತಂದು ಎಸಳುಗಳನ್ನು ಒಂದೊಂದಾಗಿ ಕೈಯಿಂದ ಮಡಿಸಿ ಬಿಚ್ಚಬೇಕು. ಬೇರೆ ಹೂಗಳನ್ನು ಹಬ್ಬಕ್ಕೆ ಎರಡು ದಿನ ಮುಂಚೆ ತಂದರೆ ಬೆಲೆಯೂ ಅಷ್ಟು ಏರಿರುವುದಿಲ್ಲ, ಮೊಗ್ಗು ಅರಳಲು ಸಮಯವೂ ಸಿಗುತ್ತದೆ. ಮಾರುಕಟ್ಟೆಗೆ ಹೋಗುವಾಗ ಕಾರಿನಲ್ಲಿ ಅರ್ಧ ಬಕೆಟ್ ನೀರು ಇರಲಿ.