ವೇಗ-ಕಾಲ ನಕ್ಷೆಯನ್ನು ಓದುವ ಬಗೆ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ, ಚಾಲಕನ ಹಿಂದಿನ ಆಸನದಲ್ಲಿ ನಾವು ಕುಳಿತಿದ್ದೇವೆಂದು ಭಾವಿಸೋಣ. ವೇಗಮಾಪಕದ ಮುಳ್ಳು ಒಮ್ಮೆ ಏರುತ್ತದೆ, ಕೆಲಕಾಲ ಒಂದೆಡೆ ನಿಲ್ಲುತ್ತದೆ, ಊರು ಬಂದೊಡನೆ ಇಳಿಯುತ್ತದೆ. ಕೈಗಡಿಯಾರವನ್ನು ನೋಡುತ್ತ ಆ ಅಂಕಿಗಳನ್ನು ಬರೆದುಕೊಂಡು, ಅಡ್ಡಗೆರೆಯ ಮೇಲೆ ಕಾಲವನ್ನೂ ಲಂಬಗೆರೆಯ ಮೇಲೆ ವೇಗವನ್ನೂ ಗುರುತಿಸಿ ಜೋಡಿಸಿದರೆ ದೊರೆಯುವುದೇ ವೇಗ-ಕಾಲ ನಕ್ಷೆ. ವೇಗಕ್ಕೆ ದಿಕ್ಕೂ ಉಂಟಾದುದರಿಂದ, ರಸ್ತೆಯ ನೇರವಾದ ಒಂದು ಭಾಗವನ್ನು ಮಾತ್ರ ಆರಿಸಿಕೊಳ್ಳೋಣ.

ಏರುವ ಗೆರೆಯೊಂದನ್ನು ತರಗತಿಯಲ್ಲಿ ತೋರಿಸಿ, ಬಸ್ಸು ಏನು ಮಾಡುತ್ತಿದೆಯೆಂದು ಕೇಳಿದರೆ, ‘ದಿಬ್ಬ ಹತ್ತುತ್ತಿದೆ’ ಎಂಬ ಉತ್ತರ ಬರುವುದುಂಟು. ಗೆರೆ ಮಟ್ಟಸವಾಗಿದ್ದರೆ ‘ನಿಂತಿದೆ’ ಎನ್ನುವವರೂ ಉಂಟು. ಈ ತಪ್ಪಿಗೆ ‘ನಕ್ಷೆ’ ಎಂಬ ಮಾತೂ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಜಿಲ್ಲೆಯ ನಕ್ಷೆಯಲ್ಲಿ ಗೆರೆಯು ರಸ್ತೆಯನ್ನೇ ಸೂಚಿಸುತ್ತದೆ. ನಮ್ಮ ನಕ್ಷೆಯಲ್ಲಾದರೋ ರಸ್ತೆಯ ಏರಿಳಿತದ ಸುಳಿವೇ ಇಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ರಸ್ತೆಯ ನೇರವಾದ ಏರನ್ನು ಬಸ್ಸು ಒಂದೇ ವೇಗದಿಂದ ಹತ್ತಿದರೆ ನಕ್ಷೆಯ ಗೆರೆ ಮಟ್ಟಸವಾಗಿರುತ್ತದೆ. ಅದೇ ಬಸ್ಸು ಇಳಿಯುವಾಗ ವೇಗವನ್ನು ಹೆಚ್ಚಿಸಿಕೊಂಡರೆ ಗೆರೆ ಮೇಲಕ್ಕೇರುತ್ತದೆ. ಬಸ್ಸು ನಿಂತಿರುವುದು ಗೆರೆಯು ಕಾಲದ ಅಕ್ಷವನ್ನೇ ಮುಟ್ಟಿ ಮಲಗಿರುವಾಗ ಮಾತ್ರ.

ಹಾಗಾದರೆ ನಕ್ಷೆ ಹೇಳುವುದೇನು? ಬಸ್ಸು ನಿಲ್ದಾಣದಿಂದ ಹೊರಟು, ೨೦ ಸೆಕೆಂಡುಗಳಲ್ಲಿ ಸಮವಾಗಿ ವೇಗವನ್ನು ಹೆಚ್ಚಿಸಿಕೊಂಡು, ಸೆಕೆಂಡಿಗೆ ೧೫ ಮೀಟರ್ ವೇಗವನ್ನು ಪಡೆಯಿತೆನ್ನೋಣ. ಇದು ಗಂಟೆಗೆ ೫೪ ಕಿಲೋಮೀಟರಿಗೆ ಸಮ. ಅನಂತರ ೧೦೦ ಸೆಕೆಂಡು ಅದೇ ವೇಗದಿಂದ ಓಡಿ, ಮುಂದಿನ ೧೦ ಸೆಕೆಂಡುಗಳಲ್ಲಿ ಸಮವಾಗಿ ವೇಗ ತಗ್ಗಿ ನಿಂತಿತು. ಮೊದಲ ಗೆರೆಯ ಇಳಿಜಾರನ್ನು ಅಳೆಯೋಣ. ೧೫ನ್ನು ೨೦ರಿಂದ ಭಾಗಿಸಿದರೆ ೦.೭೫. ಎಂದರೆ ವೇಗವು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ ೦.೭೫ ಮೀಟರಿನಷ್ಟು ಹೆಚ್ಚಿತು. ಇದೇ ವೇಗೋತ್ಕರ್ಷ. ಮಟ್ಟಸ ಗೆರೆಯಲ್ಲಿ ಇದು ಸೊನ್ನೆ. ಕೆಳಮುಖವಾದ ಕೊನೆಯ ಗೆರೆಯಲ್ಲಿ ಋಣಸಂಖ್ಯೆ.

ಇನ್ನು ಬಸ್ಸು ಸಾಗಿದ ದೂರವೆಷ್ಟು? ನಡುವಣ ಭಾಗದ ಲೆಕ್ಕ ಸುಲಭ: ೧೫ × ೧೦೦ = ೧೫೦೦ ಮೀಟರ್. ಇದು ಗೆರೆಯ ಕೆಳಗಿರುವ ಆಯತದ ವಿಸ್ತೀರ್ಣವೇ ಅಲ್ಲವೆ? ವೇಗವು ಬದಲಾಗುತ್ತಿರುವೆಡೆಯಲ್ಲಿ ಕಾಲವನ್ನು ಅತಿ ಸಣ್ಣ ತುಣುಕುಗಳಾಗಿ ಸೀಳೋಣ. ಒಂದು ತುಣುಕಿನೊಳಗೆ ವೇಗವು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಪ್ರತಿಯೊಂದೂ ಒಂದು ತೆಳುವಾದ ಆಯತ. ಅವನ್ನೆಲ್ಲ ಕೂಡಿಸಿದರೆ ತ್ರಿಕೋನದ ವಿಸ್ತೀರ್ಣ ಬರುತ್ತದೆ. ಮೊದಲ ತ್ರಿಕೋನ ೧೫೦ ಮೀಟರ್, ಕೊನೆಯದು ೭೫ ಮೀಟರ್. ಒಟ್ಟು ದೂರ ೧೭೨೫ ಮೀಟರ್.

ಈ ಯುಕ್ತಿ ಇಂದು ನಿನ್ನೆಯದಲ್ಲ. ೧೪ನೆಯ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಎಂಬ ವಿದ್ವಾಂಸನು ಇಂತಹ ಚಿತ್ರವನ್ನು ಬರೆದು, ಸಮವಾಗಿ ಏರುವ ವೇಗದಿಂದ ಸಾಗಿದ ದೂರವು, ಅಷ್ಟೇ ಕಾಲದಲ್ಲಿ ಸರಾಸರಿ ವೇಗದಿಂದ ಸಾಗಿದ ದೂರಕ್ಕೆ ಸಮವೆಂದು ತೋರಿಸಿದನು. ೧೬೩೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಗೆಲಿಲಿಯೋ, ಬೀಳುವ ವಸ್ತುವಿನ ಚಲನೆಯನ್ನು ವಿವರಿಸಲು ಇದೇ ಬಗೆಯ ಚಿತ್ರವನ್ನು ಬಳಸಿದನು.

ವಿಸ್ತೀರ್ಣದ ಈ ಲೆಕ್ಕವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವೇ? ಗುಂಡ್ಲುಪೇಟೆಯನ್ನು ದಾಟಿ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯುತ್ತವೆ. ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿದ್ದುದರಿಂದ, ೨೦೦೯ರಲ್ಲಿ ಅಲ್ಲಿ ರಾತ್ರಿ ೯ ಗಂಟೆಯಿಂದ ಬೆಳಗಿನ ೬ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಬಂದಿತು. ಹಗಲಿನಲ್ಲಿ ಅಲ್ಲಿ ಎರಡು ವಾಹನಗಳು ಬರುತ್ತಿವೆಯೆಂದು ಕಲ್ಪಿಸಿಕೊಳ್ಳೋಣ: ಒಂದು ಸೆಕೆಂಡಿಗೆ ೧೦ ಮೀಟರ್, ಇನ್ನೊಂದು ೨೦ ಮೀಟರ್ ವೇಗದ್ದು. ೪೦ ಮೀಟರ್ ಮುಂದೆ ಜಿಂಕೆಯೊಂದು ರಸ್ತೆಗಿಳಿದು ನಿಂತಿತು. ಚಾಲಕನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕು. ಒತ್ತಿದ ಮೇಲೆ ವೇಗವು ಪ್ರತಿ ಸೆಕೆಂಡಿಗೆ ೫ ಮೀಟರಿನಂತೆ ತಗ್ಗುತ್ತದೆ ಎಂದಿರಲಿ.

ಮೊದಲ ವಾಹನ ಆ ಒಂದು ಸೆಕೆಂಡಿನಲ್ಲಿ ೧೦ ಮೀಟರ್ ಓಡಿ, ಬ್ರೇಕು ಹಿಡಿದು ಇನ್ನು ೧೦ ಮೀಟರಿನಲ್ಲಿ ನಿಲ್ಲುತ್ತದೆ. ಜಿಂಕೆ ಇನ್ನೂ ೨೦ ಮೀಟರ್ ದೂರದಲ್ಲಿದೆ. ಎರಡನೆಯದರ ತ್ರಿಕೋನಕ್ಕೆ ಎತ್ತರವೂ ಎರಡರಷ್ಟು, ಪಾದವೂ ಎರಡರಷ್ಟು. ಆದಕಾರಣ ವಿಸ್ತೀರ್ಣ ನಾಲ್ಕರಷ್ಟು. ಅದು ನಿಲ್ಲಲು ೨೦ ಮತ್ತು ೪೦, ಒಟ್ಟು ೬೦ ಮೀಟರ್ ಬೇಕು.

ಜಿಂಕೆಯನ್ನು ಮುಟ್ಟುವಾಗ ಅದರ ವೇಗವೆಷ್ಟು? ಬ್ರೇಕು ಹಿಡಿದ ಬಳಿಕ ಸಾಗಬೇಕಾದ ೪೦ ಮೀಟರಿನಲ್ಲಿ ೨೦ ಮುಗಿದಿದೆ. ವೇಗವೂ ಅರ್ಧಕ್ಕಿಳಿದಿರಬೇಕೆಂದು ತೋರಬಹುದು. ಆದರೆ ತ್ರಿಕೋನವು ಎಡಗಡೆ ಎತ್ತರವಾಗಿಯೂ ಬಲಗಡೆ ಮೊನಚಾಗಿಯೂ ಇದೆ. ದೂರದ ಹೆಚ್ಚು ಪಾಲು ಬ್ರೇಕು ಹಿಡಿದ ಮೊದಲ ಗಳಿಗೆಯಲ್ಲಿಯೇ ಕಳೆದುಹೋಗುತ್ತದೆ. ಉಳಿದ ಚಿಕ್ಕ ತ್ರಿಕೋನದ ವಿಸ್ತೀರ್ಣ ಅರ್ಧವಾಗಿರಬೇಕಾದರೆ ಅದರ ಎತ್ತರವು ೨೦ನ್ನು ೨ರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ ಸುಮಾರು ೧೪.೧. ಗಂಟೆಗೆ ಸುಮಾರು ೫೧ ಕಿಲೋಮೀಟರ್! ಮೊದಲ ವಾಹನವು ಅದೇ ರಸ್ತೆಯಲ್ಲಿ ಗಂಟೆಗೆ ಕೇವಲ ೩೬ ಕಿಲೋಮೀಟರ್ ವೇಗದಿಂದ ಬರುತ್ತಿದ್ದಿತು.

ಕಾಡಿನ ಹೆದ್ದಾರಿಯ ರಸ್ತೆಯುಬ್ಬುಗಳನ್ನು ಕಂಡು ಪ್ರಯಾಣಿಕರು ಬೇಸರಪಡುವುದುಂಟು. ಅವು ಮಾಡುವ ಕೆಲಸ ಈ ತ್ರಿಕೋನದ ಎತ್ತರವನ್ನು ತಗ್ಗಿಸುವುದು. ಎತ್ತರ ಅರ್ಧವಾದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆಂಬುದನ್ನು ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸಿ ಯಾರು ಬೇಕಾದರೂ ನೋಡಿಕೊಳ್ಳಬಹುದು.