ವಿಂಡೋಸ್ ಹೊಸದಾಗಿ ಹಾಕಿಸುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ನನ್ನ ರಿಪೇರಿ ಅಂಗಡಿಗೆ ಹಳೆಯ ಕಂಪ್ಯೂಟರುಗಳು ಬರುವುದು ಹೆಚ್ಚಾಗಿದೆ. "ಫಾರ್ಮ್ಯಾಟ್ ಮಾಡಿಕೊಡಿ ಸಾರ್, ಬೇಕಾದ್ದೆಲ್ಲ ಡಿ ಡ್ರೈವ್‌ನಲ್ಲಿದೆ" ಎನ್ನುತ್ತಾರೆ ತಂದವರು. ನಾನು ಮೊದಲು ಅವರ ಡೆಸ್ಕ್‌ಟಾಪ್ ತೆರೆದು ತೋರಿಸುತ್ತೇನೆ. ಮಗಳ ಮದುವೆ ಫೋಟೊ, ಪಹಣಿಯ ಸ್ಕ್ಯಾನ್ ಅಲ್ಲೇ ಇರುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದರೆ ಅಳಿಸಿಹೋಗುವ ಸಿ ಡ್ರೈವ್‌ನೊಳಗೇ ಇರುವಂಥವು. ಡಿ ಕೂಡ ಎಷ್ಟೋ ಯಂತ್ರಗಳಲ್ಲಿ ಅದೇ ಡಿಸ್ಕಿನ ಇನ್ನೊಂದು ಪಾಲು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಹಾಗಾಗಿ ಒಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು.

ಕನ್ನಡದ ಕಡತಗಳಿಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಾದ ಸಂಘದ ನಡಾವಳಿ, ಲಗ್ನಪತ್ರಿಕೆ, ಕವನಗಳು ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತವೆ. ಬರೆದವರ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಕಡತಗಳ ಜೊತೆ ಫಾಂಟುಗಳನ್ನೂ ನಕಲು ಮಾಡಿ, ಮುಖ್ಯವಾದವಕ್ಕೆ ಪಿಡಿಎಫ್ ತೆಗೆದಿಡುತ್ತೇನೆ.

ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಇದ್ದರೆ, ಅದರ ಲೆಕ್ಕ ಎಲ್ಲಿ ಕೂತಿದೆಯೆಂದು ಟ್ಯಾಲಿಯೊಳಗೇ ನೋಡಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಿ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್ 4 ಜಿಬಿ ಮೀರಿದ ಕಡತವನ್ನು ತೆಗೆದುಕೊಳ್ಳುವುದಿಲ್ಲ. ಮದುವೆ ವಿಡಿಯೊ ಹಾಕುವಾಗ ಇದು ನೆನಪಿರಲಿ.

ನಕಲು ಮುಗಿದ ಮೇಲೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಗಿರಾಕಿಯ ಕೈಯಲ್ಲೇ ನಾಲ್ಕಾರು ಕಡತ ತೆರೆಸುತ್ತೇನೆ. ಅವರು ಸರಿ ಎಂದ ಮೇಲೆಯೇ ಫಾರ್ಮ್ಯಾಟ್.